ಗಾಳಿಗೆ ಹೋದ ಗೊಬ್ಬರ: ಬ್ರಬಾಂಟಿನ ಮೇಕೆ, ಬಯಲುಸೀಮೆಯ ಮೇಕೆ

ಬೇಸಿಗೆಯಲ್ಲಿ ಬೆಳಗಾಗೆದ್ದು ಮೇಕೆ ರೊಪ್ಪದ ಬಾಗಿಲು ತೆಗೆದರೆ ಮೂಗಿಗೆ ಬಡಿದು ಕಣ್ಣಲ್ಲಿ ನೀರು ತರಿಸುತ್ತದಲ್ಲ, ಆ ಘಾಟು ಹಿಕ್ಕೆಯದಲ್ಲ. ಒಣಗಿದ ಹಿಕ್ಕೆಗೆ ಹೆಚ್ಚುಕಡಿಮೆ ವಾಸನೆಯೇ ಇಲ್ಲ. ಘಾಟು ರಾತ್ರಿಯೆಲ್ಲ ನೆಲಕ್ಕಿಳಿದ ಉಚ್ಚೆಯದು. ಉಚ್ಚೆಯಲ್ಲಿ ಯೂರಿಯಾ ಇರುತ್ತದೆ. ಹಿಕ್ಕೆಯಲ್ಲೂ ಮಣ್ಣಲ್ಲೂ ಯೂರಿಯೇಸ್ ಎಂಬ ಕಿಣ್ವ ಇರುತ್ತದೆ. ಎರಡೂ ಕೂಡಿದ ಕೆಲವೇ ಗಂಟೆಗಳಲ್ಲಿ ಯೂರಿಯಾ ಒಡೆದು ಅಮೋನಿಯ ಆಗುತ್ತದೆ. ಸೆಕೆ, ಗಾಳಿ, ಕ್ಷಾರದ ಮಣ್ಣು ಇದ್ದರೆ ಇನ್ನೂ ಬೇಗ. ಮೂಗಿಗೆ ಗೊತ್ತಾಯಿತು ಎಂದರೆ ಗೊಬ್ಬರದ ಸಾರಜನಕದಲ್ಲಿ ಒಂದು ಪಾಲು ಆಗಲೇ ಹೊಲದ ಕೈತಪ್ಪಿತು ಎಂದೇ ಅರ್ಥ. ಇದೇ ಯೂರಿಯಾವನ್ನು ಸೊಸೈಟಿಯ ಮುಂದೆ ಸಾಲು ನಿಂತು, 45 ಕೆ.ಜಿ. ಚೀಲಕ್ಕೆ 266 ರೂಪಾಯಿ 50 ಪೈಸೆ ಕೊಟ್ಟು ತರುತ್ತೇವೆ.

ರೊಪ್ಪದ ಘಾಟನ್ನು ನಮ್ಮಲ್ಲಿ ಯಾರೂ ಅಳೆಯುವುದಿಲ್ಲ. ನೆದರ್ಲೆಂಡ್ಸ್‌ನಲ್ಲಿ ಅದನ್ನು ಅಳೆಯಲು ಹೋಗಿ ರಾಜಕೀಯವೇ ತಲೆಕೆಳಗಾಗಿದೆ. 2019ರ ಮೇ 29ರಂದು ಅಲ್ಲಿನ ಉನ್ನತ ಆಡಳಿತ ನ್ಯಾಯಾಲಯವು ಸಂರಕ್ಷಿತ ನಿಸರ್ಗಭೂಮಿಗೆ ಬೀಳುವ ಸಾರಜನಕವನ್ನು ಕುರಿತ ಸರ್ಕಾರದ ಕಾರ್ಯಕ್ರಮವನ್ನು ರದ್ದುಪಡಿಸಿತು. ಮುಂದೆಂದೋ ಆಗಲಿರುವ ಸುಧಾರಣೆಯನ್ನು ನಂಬಿ ಇಂದೇ ಪರವಾನಗಿ ಕೊಡುವಂತಿಲ್ಲ ಎಂಬುದು ನ್ಯಾಯಾಲಯದ ನಿಲುವು. ರಸ್ತೆ, ಮನೆ, ಕೊಟ್ಟಿಗೆ ಎನ್ನದೆ ಸಾವಿರಾರು ಯೋಜನೆಗಳು ನಿಂತವು. ಅಕ್ಟೋಬರ್ 1ರಂದು ರೈತರು ಟ್ರ್ಯಾಕ್ಟರ್ ಹತ್ತಿ ಹೇಗ್ ನಗರಕ್ಕೆ ನುಗ್ಗಿದರು. ರೈತರ ಹೆಸರಿನಲ್ಲಿ ಅದೇ ವರ್ಷ ಹುಟ್ಟಿದ ಒಂದು ಪಕ್ಷ 2023ರ ಮಾರ್ಚ್‌ನ ಪ್ರಾಂತೀಯ ಚುನಾವಣೆಯಲ್ಲಿ ಎಲ್ಲರನ್ನೂ ಹಿಂದೆ ಹಾಕಿತು. 2025ರ ಜನವರಿಯಲ್ಲಿ ಹೇಗ್‌ನ ನ್ಯಾಯಾಲಯ, ಗ್ರೀನ್‌ಪೀಸ್ ಹೂಡಿದ ದಾವೆಯಲ್ಲಿ ತೀರ್ಪು ಕೊಟ್ಟು, ಸಾರಜನಕ ತಾಳಲಾರದ ನಿಸರ್ಗಭೂಮಿಯ ಅರ್ಧದಷ್ಟನ್ನಾದರೂ 2030ರೊಳಗೆ ಸುರಕ್ಷಿತ ಮಿತಿಯೊಳಕ್ಕೆ ತರಬೇಕು, ಇಲ್ಲದಿದ್ದರೆ ಸರ್ಕಾರ ಒಂದು ಕೋಟಿ ಯೂರೊ ದಂಡ ತೆರಬೇಕು ಎಂದಿತು.

ಈ ಗಲಾಟೆಯ ಕೇಂದ್ರದಲ್ಲಿರುವುದು ಹಸು, ಹಂದಿ, ಕೋಳಿ. ಮೇಕೆಯ ಪಾಲು ಚಿಕ್ಕದು. ಆದರೂ ಎರಡು ದೇಶಗಳ ಗೊಬ್ಬರದ ಲೆಕ್ಕ ಹೇಗೆ ಬೇರೆಯಾಗುತ್ತದೆ ಎಂದು ನೋಡಲು ಮೇಕೆಯಷ್ಟು ಒಳ್ಳೆಯ ಪ್ರಾಣಿ ಇಲ್ಲ. ನಮ್ಮಲ್ಲಿ ಆಡು ಮುಟ್ಟದ ಸೊಪ್ಪಿಲ್ಲ. ಅಲ್ಲಿನ ಬಹುಪಾಲು ಆಡು ಸೊಪ್ಪನ್ನೇ ಮುಟ್ಟುವುದಿಲ್ಲ.

ಯುರೋಪಿನಲ್ಲಿ 1984ರಲ್ಲಿ ಹಸುವಿನ ಹಾಲಿಗೆ ಕೋಟಾ ಬಂತು. ಮೇಕೆ ಹಾಲಿಗೆ ಇರಲಿಲ್ಲ. ಹಾಗಾಗಿ ಡಚ್ಚರಲ್ಲಿ ಕೆಲವರು ಮೇಕೆಯತ್ತ ತಿರುಗಿದರು. ಇಂದು ಅಲ್ಲಿ ಆರು ಲಕ್ಷದ ಆಸುಪಾಸು ಮೇಕೆಗಳಿವೆ. ಹೆಚ್ಚಿನವು ಬಿಳಿಯ ಸಾನೆನ್ ರಕ್ತದವು. ಅವುಗಳ ಹಾಲು ಚೀಸ್ ಆಗುತ್ತದೆ, ಮಕ್ಕಳ ಹಾಲಿನ ಪುಡಿಯಾಗಿ ದೂರದ ದೇಶಗಳಿಗೆ ಹೋಗುತ್ತದೆ. ಕರ್ನಾಟಕದಲ್ಲಿ 2019ರ ಜಾನುವಾರು ಗಣತಿಯ ಪ್ರಕಾರ 61.69 ಲಕ್ಷ ಮೇಕೆ. ಜೊತೆಗೆ ಒಂದು ಕೋಟಿ ಹತ್ತು ಲಕ್ಷ ಕುರಿ. ಅಂದರೆ ಅವರ ಹತ್ತು ಪಟ್ಟು ಮೇಕೆ ನಮ್ಮ ಒಂದೇ ರಾಜ್ಯದಲ್ಲಿದೆ, ನೆಲ ಮಾತ್ರ ಅವರ ಐದು ಪಟ್ಟೂ ಇಲ್ಲ. ತಲೆಯೆಣಿಕೆಯಲ್ಲಿ ನೋಡಿದರೆ ಗದ್ದಲ ಎದ್ದಿರಬೇಕಾದ್ದು ಶಿರಾ, ಚಳ್ಳಕೆರೆ ಕಡೆ.

ಕೈಪಿಡಿಯ ಮೇಕೆ, ಹೊಟ್ಟೆಯ ಮೇಕೆ

ದೇಶ ದೇಶಗಳ ಗೊಬ್ಬರವನ್ನು ಹೋಲಿಸುವವರು ಮೊದಲು ಕೈಹಾಕುವುದು ವಿಶ್ವಸಂಸ್ಥೆಯ ಹವಾಮಾನ ಸಮಿತಿಯಾದ ಐಪಿಸಿಸಿಯ ಮಾರ್ಗಸೂಚಿಗೆ. ಸ್ವಂತ ಅಳತೆ ಇಲ್ಲದ ದೇಶಗಳು ಬಳಸಿಕೊಳ್ಳಲಿ ಎಂದು ಅದರಲ್ಲಿ ಸಿದ್ಧ ಅಂಕಿಗಳಿವೆ. 2006ರ ಆವೃತ್ತಿಯ ಪ್ರಕಾರ ಸಾವಿರ ಕೆ.ಜಿ. ದೇಹತೂಕದ ಮೇಕೆಗಳು ದಿನಕ್ಕೆ ಹೊರಹಾಕುವ ಸಾರಜನಕ ಪಶ್ಚಿಮ ಯುರೋಪಿನಲ್ಲಿ 1.28 ಕೆ.ಜಿ., ಏಷ್ಯಾದಲ್ಲಿ 1.37 ಕೆ.ಜಿ. ಮುಂದುವರಿದ ದೇಶದ ಮೇಕೆ 38.5 ಕೆ.ಜಿ., ಹಿಂದುಳಿದ ದೇಶದ್ದು 30 ಕೆ.ಜಿ. ಎಂದು ಅದೇ ಕೈಪಿಡಿ ಇಟ್ಟುಕೊಂಡಿದೆ. ಗುಣಿಸಿದರೆ ಡಚ್ ಮೇಕೆ ವರ್ಷಕ್ಕೆ 18 ಕೆ.ಜಿ., ನಮ್ಮದು 15 ಕೆ.ಜಿ. ಸಾರಜನಕ ಬಿಡುತ್ತದೆ. ವ್ಯತ್ಯಾಸ ಅಷ್ಟೇನೂ ಇಲ್ಲ ಅನ್ನಿಸುತ್ತದೆ.

ಆದರೆ ಈ ಹದಿನೈದು ಕೆ.ಜಿ. ಮೇಕೆಯ ಹೊಟ್ಟೆಗೆ ಹೊಂದುವುದೇ ಇಲ್ಲ. ಅದು ದಿನಕ್ಕೆ 41 ಗ್ರಾಂ ಸಾರಜನಕ. ಪ್ರೋಟೀನ್ ಲೆಕ್ಕಕ್ಕೆ ತಿರುಗಿಸಲು 6.25ರಿಂದ ಗುಣಿಸಬೇಕು, ಸುಮಾರು 257 ಗ್ರಾಂ ಆಗುತ್ತದೆ. ಮೂವತ್ತು ಕೆ.ಜಿ. ಮೇಕೆ ದಿನಕ್ಕೆ ತಿನ್ನುವುದು ಒಣತೂಕದಲ್ಲಿ ಹೆಚ್ಚೆಂದರೆ ಒಂದು ಕೆ.ಜಿ. ಮೇವು. ಹೊರಬೀಳುವುದೇ 257 ಗ್ರಾಂ ಎಂದರೆ ತಿನ್ನುವ ಮೇವಿನಲ್ಲಿ ನಾಲ್ಕನೇ ಒಂದು ಭಾಗಕ್ಕೂ ಮಿಕ್ಕಿ ಪ್ರೋಟೀನ್ ಇರಬೇಕಾಯಿತು. ಬಯಲುಸೀಮೆಯ ಒಣಹುಲ್ಲು, ಜಾಲಿಕಾಯಿ, ಕೊಯ್ಲಾದ ಹೊಲದ ಕೂಳೆ ತಿಂದು ಬರುವ ಮೇಕೆಗೆ ಶೇಂಗಾ ಹಿಂಡಿಯ ಊಟ ಕಟ್ಟಿದಂತಾಯಿತು ಈ ಲೆಕ್ಕ. ಮೇವಿನಲ್ಲಿ ಶೇ 10 ಪ್ರೋಟೀನ್ ಎಂದು ಹಿಡಿಯಿರಿ. ಒಳಹೋಗುವ ಸಾರಜನಕವೇ ದಿನಕ್ಕೆ 16 ಗ್ರಾಂ. ಮೈಗೆ ಹತ್ತಿದ್ದು ಕಳೆದರೆ ವರ್ಷಕ್ಕೆ ಹೊರಬೀಳುವುದು ಐದು ಕೆ.ಜಿ.ಯ ಸುತ್ತಮುತ್ತ. ಬೇಸಿಗೆಯ ಬರದ ತಿಂಗಳುಗಳಲ್ಲಿ ಇನ್ನೂ ಕಡಿಮೆ.

ಡಚ್ ಮೇಕೆಗೂ ಇದೇ ಪರೀಕ್ಷೆ ಮಾಡೋಣ. ಹಾಲಿನ ಮೇಕೆ ದಿನಕ್ಕೆ ಎರಡೂವರೆ ಕೆ.ಜಿ. ಒಣತೂಕದ ಮೇವು ತಿನ್ನುತ್ತದೆ ಎನ್ನಿ. ಅದರಲ್ಲಿ ದಾಣಿಯ ಪಾಲು ದೊಡ್ಡದು, ಪ್ರೋಟೀನ್ ಶೇ 16-17 ಇರಬಹುದು. ಒಳಗೆ ಹೋದದ್ದು 65 ಗ್ರಾಂ ಸಾರಜನಕ. ಮೂರು ಲೀಟರ್ ಹಾಲಿನಲ್ಲಿ ಹದಿನೈದು ಗ್ರಾಂ ಹೊರಟಿತು. ಉಳಿದ ಐವತ್ತು ಗ್ರಾಂ ಹಾಸಿಗೆಗೆ. ವರ್ಷಕ್ಕೆ 18 ಕೆ.ಜಿ. ಕೈಪಿಡಿ ಮಾಡಿದವರ ಕಣ್ಣೆದುರು ಇದ್ದದ್ದು ಎಂಥ ಮೇಕೆ ಎಂದು ಊಹಿಸಬಹುದು. 2019ರ ಪರಿಷ್ಕರಣೆಯಲ್ಲಿ ಈ ಅಂಕಿಗಳನ್ನು ಇಳಿಸಿದರು. ಬಯಲಲ್ಲಿ ಮೇಯುವ ಕುರಿ-ಮೇಕೆಯ ಹಿಕ್ಕೆ, ಉಚ್ಚೆಯಿಂದ ನೈಟ್ರಸ್ ಆಕ್ಸೈಡ್ ಆಗುವ ಪಾಲನ್ನೂ ಶೇ 1ರಿಂದ ಶೇ 0.3ಕ್ಕೆ ತಂದರು. ನೈಟ್ರಸ್ ಆಕ್ಸೈಡ್ ಭೂಮಿಯನ್ನು ಬಿಸಿ ಮಾಡುವುದರಲ್ಲಿ ಇಂಗಾಲದ ಡೈ ಆಕ್ಸೈಡಿನ 273 ಪಟ್ಟು ಸಮರ್ಥ. ಅಂದ ಮೇಲೆ ಈ ಒಂದು ತಿದ್ದುಪಡಿ ಕೋಟಿಗಟ್ಟಲೆ ಮೇಕೆಗಳ ದೇಶದ ಪಾಪದ ಪಟ್ಟಿಯಲ್ಲಿ ಸಣ್ಣದಲ್ಲ. ಆ ನಡುವಿನ ವರ್ಷಗಳಲ್ಲಿ ಹಳೆಯ ಅಂಕಿ ಹಿಡಿದುಕೊಂಡೇ ಎಷ್ಟು ಹೋಲಿಕೆಯ ಪ್ರಬಂಧಗಳು ಬಂದು ಹೋಗಿರಬಹುದು!

ಎಷ್ಟು ಹೊರಬಿತ್ತು ಎಂಬುದಕ್ಕಿಂತ ಯಾವ ದಾರಿಯಲ್ಲಿ ಎಂಬುದು ಮುಖ್ಯ. ಪ್ರೋಟೀನ್ ಹೆಚ್ಚಾದಷ್ಟೂ ಬೇಡದ ಸಾರಜನಕ ಉಚ್ಚೆಗೆ ಹೋಗುತ್ತದೆ, ಉಚ್ಚೆಗೆ ಹೋದದ್ದು ಗಾಳಿಗೆ ಹೋಗುವುದು ಸುಲಭ. ಜಾಲಿ, ಹುಣಸೆಯಂಥ ಗಿಡಗಳ ಸೊಪ್ಪಿನ ಒಗರಿನಲ್ಲಿ ಟ್ಯಾನಿನ್ ಇರುತ್ತದೆ. ಅದು ಪ್ರೋಟೀನನ್ನು ಕಟ್ಟಿಹಾಕಿ ಹಿಕ್ಕೆಯ ಕಡೆಗೆ ತಳ್ಳುತ್ತದೆ. ಹಿಕ್ಕೆಯ ಸಾರಜನಕ ನಿಧಾನ ಕರಗುತ್ತದೆ, ಮಣ್ಣಿನಲ್ಲಿ ಹೆಚ್ಚು ಕಾಲ ಬಾಳುತ್ತದೆ. ಜರ್ಮನಿಯ ಕಾಸೆಲ್ ವಿಶ್ವವಿದ್ಯಾಲಯದವರು ಒಮಾನ್‌ನಲ್ಲಿ ಮೇಕೆಗಳ ಮೇವಿಗೆ ಬೇಕೆಂದೇ ಟ್ಯಾನಿನ್ ಬೆರೆಸಿ, ಬಂದ ಗೊಬ್ಬರ ಹೊಲದಲ್ಲಿ ಹೇಗೆ ವರ್ತಿಸುತ್ತದೆ ಎಂದು ಪರೀಕ್ಷಿಸಿದ್ದುಂಟು. ನಮ್ಮ ಮೇಕೆಗಳು ಈ ಪ್ರಯೋಗವನ್ನು ಯಾರ ಅನುದಾನವೂ ಇಲ್ಲದೆ ದಿನಾ ಬೇಲಿಸಾಲಿನಲ್ಲಿ ಮಾಡುತ್ತವೆ.

ಹುಲ್ಲಿನ ಹಾಸು, ಬಯಲಿನ ಮಂದೆ

ಡಚ್ ಕೊಟ್ಟಿಗೆಯ ಒಳಗೆ ಹೋದರೆ ಕಾಲಿನ ಕೆಳಗೆ ನೆಲ ಸಿಗುವುದಿಲ್ಲ. ಗೋಧಿ ಹುಲ್ಲಿನ ಹಾಸು, ಅದರ ಮೇಲೆ ಹಿಕ್ಕೆ, ಉಚ್ಚೆ, ಮತ್ತೆ ಹುಲ್ಲು. ತಿಂಗಳುಗಟ್ಟಲೆ ಹೀಗೇ ಏರುತ್ತದೆ. ವರ್ಷದಲ್ಲಿ ಕೆಲವೇ ಸಲ ಯಂತ್ರ ತಂದು ಎಲ್ಲ ಬಾಚುತ್ತಾರೆ. ಹುಲ್ಲು ಉಚ್ಚೆಯನ್ನು ಹೀರಿಕೊಳ್ಳುತ್ತದೆ, ಅದರಲ್ಲಿರುವ ಇಂಗಾಲವನ್ನು ತಿನ್ನುವ ಸೂಕ್ಷ್ಮಜೀವಿಗಳು ಸಾರಜನಕದ ಒಂದು ಭಾಗವನ್ನು ಮೈಗೂಡಿಸಿಕೊಳ್ಳುತ್ತವೆ. ಆದರೆ ಒಳಗೆ ಕಾವೇಳುವ ಹಾಸು ಅಮೋನಿಯವನ್ನೂ ಬಿಡುತ್ತಿರುತ್ತದೆ. ಡಚ್ ಪರವಾನಗಿಯ ಪಟ್ಟಿಯಲ್ಲಿ ಒಂದು ವರ್ಷ ದಾಟಿದ ಮೇಕೆಗೆ ವರ್ಷಕ್ಕೆ 1.9 ಕೆ.ಜಿ. ಅಮೋನಿಯ ಎಂದು ಗೊತ್ತುಮಾಡಿದ್ದರು. ಸಾರಜನಕವಾಗಿ ಇದು ಒಂದೂವರೆ ಕೆ.ಜಿ. ಚಿಲ್ಲರೆ, ಹೊರಬಿದ್ದ 18ರಲ್ಲಿ ಶೇ 9ರಷ್ಟು. ಕೊಟ್ಟಿಗೆಯ ಲೆಕ್ಕ ಮಾತ್ರ ಇದು. ಇಂಥದೇ ದಪ್ಪ ಹಾಸಿಗೆ ಐಪಿಸಿಸಿಯ 2006ರ ಕೈಪಿಡಿ ಕೊಡುವ ಅಂಕಿ ಶೇ 25. ಕಟ್ಟುನಿಟ್ಟಿಗೆ ಹೆಸರಾದ ದೇಶದ ಪಟ್ಟಿಗೂ ಜಾಗತಿಕ ಕೈಪಿಡಿಗೂ ಇಷ್ಟು ಅಂತರವಿದ್ದರೆ, ಎರಡು ದೇಶಗಳ ನಡುವಿನ ವ್ಯತ್ಯಾಸವನ್ನು ದಶಮಾಂಶದವರೆಗೆ ಹೇಳುವವರ ಧೈರ್ಯ ಮೆಚ್ಚಬೇಕು.

ಅಲ್ಲಿ ದಶಮಾಂಶವೇ ಜೀವಾಳ, ಅದು ಬೇರೆ ಮಾತು. ಏರಿಯಸ್ ಎಂಬ ಅಧಿಕೃತ ಸಾಫ್ಟ್‌ವೇರ್ ಇದೆ. ಹೊಸ ಕೊಟ್ಟಿಗೆಯಿಂದ ಹೊರಟ ಸಾರಜನಕ ಯಾವ ಸಂರಕ್ಷಿತ ಜಾಗದಲ್ಲಿ ಎಷ್ಟು ಬೀಳುತ್ತದೆ ಎಂದು ಅದು ಲೆಕ್ಕ ಹಾಕುತ್ತದೆ. ಹೆಕ್ಟೇರಿಗೆ ವರ್ಷಕ್ಕೆ 0.005 ಮೋಲ್ ದಾಟಿದರೆ ಅನುಮತಿಯ ತಕರಾರು ಶುರು. ಗ್ರಾಮಿನಲ್ಲಿ ಅದು 0.07. ಎರಡೂವರೆ ಎಕರೆಗೆ, ಒಂದಿಡೀ ವರ್ಷಕ್ಕೆ, ಒಂದು ಚಿಟಿಕೆಯೂ ಇಲ್ಲ.

ಇತ್ತ ಬಯಲುಸೀಮೆಗೆ ಬನ್ನಿ. ಸುಗ್ಗಿ ಮುಗಿದು ಹೊಲ ಖಾಲಿಯಾಗುತ್ತಿದ್ದಂತೆ ಬೆಳಗಾವಿ, ಕೊಪ್ಪಳ, ಬಳ್ಳಾರಿ, ಚಿತ್ರದುರ್ಗದ ಕಡೆಯ ಕುರಿಗಾರರು ಹಿಂಡು ಹೊಡೆದುಕೊಂಡು ಹೊರಡುತ್ತಾರೆ. ಹಿಂಡಿನಲ್ಲಿ ಕುರಿಯದೇ ದೊಡ್ಡ ಪಾಲು, ಜೊತೆಗೆ ಒಂದಷ್ಟು ಮೇಕೆ. ರೈತರು ಕರೆದು ರಾತ್ರಿ ತಮ್ಮ ಹೊಲದಲ್ಲಿ ಮಂದೆ ಹಾಕಿಸುತ್ತಾರೆ. ಬಲೆ ಕಟ್ಟಿ ಒಳಗೆ ಕೂಡಿ, ಮರುರಾತ್ರಿ ಬಲೆಯನ್ನು ಪಕ್ಕಕ್ಕೆ ಸರಿಸುತ್ತಾರೆ. ಹೀಗೆ ಹೊಲದ ಮೂಲೆ ಮೂಲೆಗೂ ಹಿಕ್ಕೆ, ಉಚ್ಚೆ ಬೀಳುತ್ತದೆ.

ಸಾವಿರ ತಲೆಯ ಮಂದೆ ಎನ್ನಿ. ತಲೆಗೆ ದಿನಕ್ಕೆ 14 ಗ್ರಾಂ, ರಾತ್ರಿಯ ಪಾಲು ಅರ್ಧ. ಒಂದು ರಾತ್ರಿಗೆ ಏಳು ಕೆ.ಜಿ. ಸಾರಜನಕ. ಯೂರಿಯಾ ಚೀಲದ ಮೂರನೇ ಒಂದು ಭಾಗಕ್ಕೆ ಸಮ, ಸಬ್ಸಿಡಿ ಬೆಲೆಯಲ್ಲಿ ತೊಂಬತ್ತು ರೂಪಾಯಿ! ರೈತ ಮಂದೆಗೆ ಕೊಡುವ ಹಣ, ಕಾಳು ಇದಕ್ಕಿಂತ ಎಷ್ಟೋ ಹೆಚ್ಚು. ಅವನಿಗೆ ಲೆಕ್ಕ ಬರುವುದಿಲ್ಲ ಎಂದಲ್ಲ. ರಂಜಕ, ಪೊಟ್ಯಾಷ್, ಮಣ್ಣಿನ ಮೆದು, ಮುಂದಿನ ಎರಡು ಮೂರು ಬೆಳೆಗೂ ಉಳಿಯುವ ಕಸುವು, ಇದೆಲ್ಲಕ್ಕೂ ಸೇರಿಸಿ ಅವನು ಕೊಡುವುದು. ಇನ್ನು ನಮ್ಮ ವಿಷಯಕ್ಕೆ ಬೇಕಾದ ಸಂಗತಿ ಎಂದರೆ, ಉಚ್ಚೆ ನೇರ ಹೊಲಕ್ಕೇ ಇಳಿಯುವ ಪದ್ಧತಿ ಇದೊಂದೇ. ಮಂದೆ ಎದ್ದ ಬೆಳಿಗ್ಗೆಯೇ ಕುಂಟೆ ಹೊಡೆದು ಮಣ್ಣು ಮುಚ್ಚಿದರೆ ಅಮೋನಿಯ ಹೋಗುವುದು ಬಹಳ ತಗ್ಗುತ್ತದೆ. ಹೊಲವನ್ನು ವಾರ ಹದಿನೈದು ದಿನ ಬಿಸಿಲಿಗೆ ಬಿಟ್ಟರೆ ದುಡ್ಡು ಕೊಟ್ಟು ತಂದದ್ದರಲ್ಲಿ ಉಚ್ಚೆಯ ಪಾಲು ಬಹುಮಟ್ಟಿಗೆ ಗಾಳಿಪಾಲು. ಗೊಬ್ಬರವನ್ನು ಉಳುವ ನೆಲಕ್ಕೆ ಹಾಕಿದ ಕೂಡಲೇ ಮಣ್ಣೊಳಗೆ ಸೇರಿಸಬೇಕೆಂದು ಡಚ್ಚರು ಕಾನೂನು ಮಾಡಿದ್ದು ಇದನ್ನೇ.

ನಿಜವಾದ ಸೋರಿಕೆ ನಮ್ಮಲ್ಲಿ ಊರೊಳಗಿನ ರೊಪ್ಪ ಮತ್ತು ತಿಪ್ಪೆಯಲ್ಲಿದೆ. ಹಿಕ್ಕೆ ಗುಡಿಸಿ ರಾಶಿ ಹಾಕುತ್ತಾರೆ, ಉಚ್ಚೆ ನೆಲಕ್ಕೆ ಬಿಟ್ಟ ಕಾಣಿಕೆ. ರಾಶಿ ಮೇ ತಿಂಗಳ ಬಿಸಿಲು ಕಾಣುತ್ತದೆ, ಜೂನ್ ಮಳೆಯನ್ನೂ ಕಾಣುತ್ತದೆ. ಬಿಸಿಲಿಗೆ ಅಮೋನಿಯ, ಮಳೆಗೆ ನೈಟ್ರೇಟ್. ಕೃಷಿ ಪಠ್ಯಗಳಲ್ಲಿ ಕುರಿ-ಮೇಕೆ ಗೊಬ್ಬರದಲ್ಲಿ ಶೇ 3 ಸಾರಜನಕ, ಕೊಟ್ಟಿಗೆ ಗೊಬ್ಬರದಲ್ಲಿ ಶೇ 0.5 ಎಂದು ಬರೆದಿರುತ್ತದೆ. ಈ ಭರವಸೆಯ ಮೇಲೆಯೇ ಬಯಲುಸೀಮೆಯಿಂದ ಮಲೆನಾಡಿನ ಅಡಿಕೆ ತೋಟ, ಕಾಫಿ ತೋಟಗಳಿಗೆ ಲಾರಿಗಟ್ಟಲೆ ಹಿಕ್ಕೆ ಗೊಬ್ಬರ ಹೋಗುತ್ತದೆ. ಅರ್ಧ ಮಣ್ಣೇ ಬೆರೆತ, ಎರಡು ಮಳೆಗಾಲ ನೆನೆದ ಚೀಲದಲ್ಲಿ ಶೇ 3 ಎಲ್ಲಿಂದ ಬರಬೇಕು? ಕೊಳ್ಳುವವರು ಚೀಲ ಎಣಿಸುತ್ತಾರೆ, ಸಾರಜನಕವನ್ನಲ್ಲ.

ಗೊಬ್ಬರದ ಸಾರಜನಕವನ್ನು ಗಾಳಿಗೆ ಬಿಡುವುದರಲ್ಲಿ ಈ ನಾಡಿಗೆ ಬಹಳ ಹಳೆಯ ಇತಿಹಾಸವಿದೆ. ಬಳ್ಳಾರಿ ಹತ್ತಿರದ ಕುಡತಿನಿಯ ಬೂದಿದಿಬ್ಬ ನೋಡಿದವರಿಗೆ ಗೊತ್ತು. ನವಶಿಲಾಯುಗದ ದನಗಾಹಿಗಳು ದೊಡ್ಡಿಗಳಲ್ಲಿ ಪೇರಿಸಿಟ್ಟ ಸಗಣಿಯನ್ನು ಮತ್ತೆ ಮತ್ತೆ ಸುಟ್ಟು ಎಬ್ಬಿಸಿದ ಗುಡ್ಡೆಗಳು ಅವು. ಪುರಾತತ್ವಜ್ಞ ರೇಮಂಡ್ ಆಲ್‌ಚಿನ್ 1963ರಲ್ಲಿ ಆ ದನಗಾಹಿಗಳ ಮೇಲೆ ಒಂದು ಪುಸ್ತಕವನ್ನೇ ಬರೆದರು. ಸುಟ್ಟ ಸಗಣಿಯಲ್ಲಿ ಸುಣ್ಣ ಉಳಿಯುತ್ತದೆ, ರಂಜಕ ಉಳಿಯುತ್ತದೆ, ಸಾರಜನಕ ಹೊಗೆಯ ಜೊತೆ ಹೋಗುತ್ತದೆ. ಯಾಕೆ ಸುಟ್ಟರು ಎಂಬ ಚರ್ಚೆ ಇನ್ನೂ ಮುಗಿದಿಲ್ಲ.

ಬಡತನವನ್ನು ಕಾಯುವ ಕಾನೂನು

ಡಚ್ಚರ ಕಥೆಯಲ್ಲಿ ನನಗೆ ಬಹಳ ಕುತೂಹಲ ಹುಟ್ಟಿಸಿದ್ದು ಅವರ ಕುರುಚಲು ಬಯಲುಗಳು. ಬ್ರಬಾಂಟ್, ಡ್ರೆಂಟೆ ಪ್ರಾಂತಗಳ ಮರಳುಮಣ್ಣಿನಲ್ಲಿ ಹೀದರ್ ಎಂಬ ನೇರಳೆ ಹೂವಿನ ಕುರುಚಲು ಹರಡಿದ ಬಯಲುಗಳಿವೆ. ಸಾರಜನಕ ಬಿದ್ದರೆ ಹೀದರ್ ಸೋತು ಒರಟು ಹುಲ್ಲು ಮೇಲೇಳುತ್ತದೆ. ಆ 0.005 ಮೋಲ್ ಲೆಕ್ಕವೆಲ್ಲ ಇಂಥ ಜಾಗಗಳನ್ನು ಉಳಿಸಲು. ಆದರೆ ಈ ಬಯಲುಗಳು ತಾವಾಗಿಯೇ ಬಡವಾದವಲ್ಲ. ಶತಮಾನಗಳ ಕಾಲ ಹಳ್ಳಿಯ ಕುರಿ ಹಿಂಡು ಹಗಲೆಲ್ಲ ಅಲ್ಲಿ ಮೇಯ್ದು, ರಾತ್ರಿ ದೊಡ್ಡಿಗೆ ಬಂದು ಹಿಕ್ಕೆ ಹಾಕಿತು. ಬಯಲಿನ ಮೇಲ್ಮಣ್ಣನ್ನೇ ಹೆಂಟೆಯಾಗಿ ಕೆತ್ತಿ ತಂದು ದೊಡ್ಡಿಗೆ ಹಾಸಿದರು, ಉಚ್ಚೆ ಕುಡಿದ ಆ ಹೆಂಟೆಯನ್ನು ಹೊಲಕ್ಕೆ ಹೊತ್ತರು. ಕೆಲವೆಡೆ ಹೊಲದ ಮಣ್ಣು ಒಂದು ಮೀಟರ್‌ವರೆಗೂ ಏರಿತು. ಬಯಲು ಬಡವಾಯಿತು, ಹೊಲ ಸಿರಿವಂತವಾಯಿತು. ಇವತ್ತು ಯುರೋಪಿನ ಕಾನೂನು ಕಾಯುತ್ತಿರುವುದು ಆ ಬಡತನವನ್ನೇ. ಹೆಚ್ಚಾದ ಸಾರಜನಕವನ್ನು ಮೇಯಿಸಿ ತೆಗೆಯಲು ಅಲ್ಲಿಗೆ ಮತ್ತೆ ಕುರಿಗಾಹಿಗಳನ್ನು ಕರೆಸುತ್ತಿದ್ದಾರೆ.

ನಮ್ಮ ಗೋಮಾಳ, ಕಾವಲು, ಕುರುಚಲು ಕಾಡುಗಳಿಗೂ ನಡೆದಿರುವುದು, ನಡೆಯುತ್ತಿರುವುದು ಇದೇ. ಮಂದೆ ಹಾಕಿಸಿದ ರೈತನ ಲಾಭದ ಒಂದು ಪಾಲು ಗೋಮಾಳದ ಖರ್ಚಿನಲ್ಲಿ ಬಂದದ್ದು. ಡಚ್ ಮೇಕೆಯ ಖರ್ಚು ಇನ್ನೂ ದೂರದಲ್ಲಿದೆ. ಅದರ ದಾಣಿಯ ಸೋಯಾ ಬೆಳೆದದ್ದು ಅಟ್ಲಾಂಟಿಕ್‌ನ ಆಚೆ. ಲೀಟರ್ ಹಾಲಿಗೆ ಎಷ್ಟು ಸಾರಜನಕ ಹೋಯಿತು ಎಂದು ಕೇಳಿದರೆ ವರ್ಷಕ್ಕೆ ಸಾವಿರ ಲೀಟರಿನ ಆಸುಪಾಸು ಕೊಡುವ ಡಚ್ ಮೇಕೆಯ ಮುಂದೆ ನಮ್ಮದು ನಿಲ್ಲುವುದೇ ಇಲ್ಲ. ತಲೆಗೆ ಎಷ್ಟು ಎಂದು ಕೇಳಿದರೆ ನಮ್ಮದೇ ಮೇಲು. ಬೇರೆಯವರ ನೆಲದಿಂದ ಎಷ್ಟು ತಂದಿರಿ ಎಂದು ಕೇಳಿದರೆ ಇಬ್ಬರೂ ತಲೆ ತಗ್ಗಿಸಬೇಕು. ಹಾಗಾಗಿ ಯಾವ ದೇಶದಲ್ಲಿ ನಷ್ಟ ಹೆಚ್ಚು ಎಂಬ ಒಂದೇ ಸಾಲಿನ ಉತ್ತರ ಕಂಡಾಗಲೆಲ್ಲ, ಹೋಲಿಸಿದವರು ಗೆರೆಯನ್ನು ಕೊಟ್ಟಿಗೆಯ ಬಾಗಿಲಲ್ಲಿ ಎಳೆದರೋ, ಹೊಲದ ಬದುವಿನಲ್ಲೋ, ದೇಶದ ಗಡಿಯಲ್ಲೋ ಎಂದು ಮೊದಲು ನೋಡುತ್ತೇನೆ.

ಗೊಬ್ಬರಕ್ಕೆ ಸಾರಜನಕವಲ್ಲದ ಮುಖವೂ ಇದೆ. 2007ರಿಂದ 2010ರವರೆಗೆ ಡಚ್ ಮೇಕೆಗಳಿಂದ ಜನರಿಗೆ ಕ್ಯೂ ಜ್ವರ ಹರಡಿತು. ನಾಲ್ಕು ಸಾವಿರಕ್ಕೂ ಹೆಚ್ಚು ಪ್ರಕರಣ ದಾಖಲಾದವು, ರೋಗ ತಡೆಯಲು ಐವತ್ತು ಸಾವಿರಕ್ಕೂ ಹೆಚ್ಚು ಮೇಕೆಗಳನ್ನು ಕೊಂದರು, ಅವುಗಳಲ್ಲಿ ಬಹಳಷ್ಟು ಗಬ್ಬದವು. ಈಯುವ ಸಮಯದಲ್ಲಿ ಹಾಸಿಗೆ ಬೀಳುವ ಮಾಸು, ನೀರಿನಲ್ಲಿ ರೋಗಾಣು ಇರುವುದರಿಂದ, ಈಯುವ ಕಾಲ ಮುಗಿದ ಮೇಲೂ ಒಂದು ತಿಂಗಳು ಗೊಬ್ಬರ ಹೊರತೆಗೆಯಬಾರದು ಎಂದು ನಿಯಮ ತಂದರು. ಜನರ ಶ್ವಾಸಕೋಶ ಉಳಿಸಲು ಹಾಸನ್ನು ಒಳಗಿಡಬೇಕು, ಹೀದರ್ ಉಳಿಸಲು ಬೇಗ ತೆಗೆಯುವುದು ಒಳಿತು. ಈ ಜಗ್ಗಾಟದ ನಡುವೆ, ಮೇಕೆ ಫಾರ್ಮ್‌ಗಳ ಸುತ್ತ ನ್ಯುಮೋನಿಯ ಹೆಚ್ಚು ಎಂಬ ಅಧ್ಯಯನದ ಮೇರೆಗೆ 2017ರಲ್ಲಿ ಬ್ರಬಾಂಟ್ ಪ್ರಾಂತ ಹೊಸ ಮೇಕೆ ಕೊಟ್ಟಿಗೆಗಳಿಗೇ ತಡೆ ಹಾಕಿತು.

ಅಲ್ಲಿ ತಡೆ ಬಿದ್ದ ಕೆಲವೇ ವರ್ಷಗಳಲ್ಲಿ ಇಲ್ಲಿ ದೊಡ್ಡ ಕೊಟ್ಟಿಗೆಗೆ ಹಣ ಬಂತು. ರಾಷ್ಟ್ರೀಯ ಜಾನುವಾರು ಮಿಷನ್‌ನ 2021ರ ಮಾರ್ಗಸೂಚಿಯಂತೆ 500 ಹೆಣ್ಣು, 25 ಹೋತಗಳ ಘಟಕಕ್ಕೆ ಅರ್ಧ ಸಬ್ಸಿಡಿ, ಐವತ್ತು ಲಕ್ಷ ರೂಪಾಯಿಯವರೆಗೆ. ರಸ್ತೆ ಬದಿಯಲ್ಲಿ ಈಗ ಕಾಣುವ ಉದ್ದನೆಯ ಶೆಡ್‌ಗಳು ಅವೇ. ನೆಲದಿಂದ ಆಳೆತ್ತರಕ್ಕೆ ಅಟ್ಟ, ಅಟ್ಟಕ್ಕೆ ಸಂದುಳ್ಳ ಹಲಗೆ. ಮೇಕೆಯ ಮೈ ಒಣಗಿರುತ್ತದೆ, ಗೊರಸಿನ ರೋಗ ತಗ್ಗುತ್ತದೆ, ಗುಡಿಸುವ ಕೆಲಸ ಕಡಿಮೆ. ಒಳ್ಳೆಯದೇ. ಕೆಳಗೆ ಬಗ್ಗಿ ನೋಡಿದರೆ ಹಿಕ್ಕೆ ಒಂದು ಕಡೆ ಒಣಗಿ ಬಿದ್ದಿರುತ್ತದೆ, ಉಚ್ಚೆ ಸಿಮೆಂಟಿನ ಇಳಿಜಾರಿನಲ್ಲಿ ಹರಿದು ಗೋಡೆಯಾಚೆಯ ಚರಂಡಿ ಸೇರಿರುತ್ತದೆ. ಹೀರಿಕೊಳ್ಳಲು ಹುಲ್ಲಿಲ್ಲ, ಮಣ್ಣಿಲ್ಲ. ಮೇಯಲು ಬಿಡದೆ ಹಿಂಡಿ ಹಾಕಿ ಸಾಕುವುದರಿಂದ ಸಾರಜನಕದ ದೊಡ್ಡ ಪಾಲು ಈಗ ಇರುವುದೂ ಆ ಉಚ್ಚೆಯಲ್ಲೇ. ಚರಂಡಿಯ ತುದಿಗೆ ಒಂದು ಗುಂಡಿ, ಅದರಲ್ಲಿ ಶೇಂಗಾ ಸಿಪ್ಪೆಯನ್ನೋ ರಾಗಿಹುಲ್ಲಿನ ಚೂರನ್ನೋ ತುಂಬಿ, ಹಿಕ್ಕೆಯನ್ನೂ ಅದಕ್ಕೇ ಸುರಿದು ಮೇಲೆ ಮಣ್ಣು ಎಳೆದರೆ ಬಹುಪಾಲು ಉಳಿಯುತ್ತದೆ. ಖರ್ಚು ಹೆಚ್ಚಿಲ್ಲ. ಯೂರಿಯಾ ಚೀಲ 266 ರೂಪಾಯಿಗೆ ಸಿಗುವಾಗ ಮಾಡುವವರು ಕಡಿಮೆ, ಅಷ್ಟೆ. ಆ ಚೀಲದ ನಿಜಬೆಲೆ ಅದರ ಹಲವು ಪಟ್ಟು. ಉಳಿದದ್ದನ್ನು ಸರ್ಕಾರ ಕಟ್ಟುತ್ತದೆ.

ಚೆನ್ನಾಗಿ ಮೇವು ತಿನ್ನುವ ಮೇಕೆಗೆ ವರ್ಷಕ್ಕೆ ಏಳು ಕೆ.ಜಿ. ಎಂದು ಹಿಡಿದರೂ 525 ಮೇಕೆಗಳ ಘಟಕ ಮೂರೂವರೆ ಟನ್‌ಗೂ ಹೆಚ್ಚು ಸಾರಜನಕ ಬಿಡುತ್ತದೆ. ಯುರೋಪಿನ 1991ರ ನೈಟ್ರೇಟ್ ಕಾನೂನಿನ ಪ್ರಕಾರ ಒಂದು ಹೆಕ್ಟೇರಿಗೆ ವರ್ಷಕ್ಕೆ ಪ್ರಾಣಿಗೊಬ್ಬರದಿಂದ 170 ಕೆ.ಜಿ. ಮಾತ್ರ ಹಾಕಬಹುದು. ಆ ಅಳತೆಗೆ ಈ ಒಂದು ಶೆಡ್‌ಗೆ ಐವತ್ತು ಎಕರೆಗೂ ಮಿಕ್ಕಿ ಜಮೀನು ಬೇಕು. ನಮ್ಮಲ್ಲಿ ಅಂಥ ಮಿತಿಯೂ ಇಲ್ಲ, ಅಷ್ಟು ಜಮೀನುಳ್ಳವರೂ ವಿರಳ. ಬ್ಯಾಂಕಿಗೆ ಕೊಡುವ ಯೋಜನಾ ವರದಿಯಲ್ಲಿ ಶೆಡ್, ಮೇವು ಕತ್ತರಿಸುವ ಯಂತ್ರ, ವಿಮೆ ಎಲ್ಲಕ್ಕೂ ಒಂದೊಂದು ಸಾಲು ಇರುತ್ತದೆ. ಗೊಬ್ಬರ ಮಾರಿ ಬರುವ ಆದಾಯಕ್ಕೂ ಇರುತ್ತದೆ. ಆ ಸಾಲಿನ ಎದುರಿಗಿರುವ ಮೊತ್ತ ಹಿಕ್ಕೆಯದು ಮಾತ್ರ.